ಬಾಹುಕನ ರಥವೂ ಅಮೆರಿಕದ ಮನೆಗಾಡಿಯೂ

ಒಂದು ವಸ್ತುವನ್ನು ಕೊಂಡಾಡಬೇಕಾದರೆ ಅದರ ಪರಿಚಯವಿರಬೇಕೆಂದು ಲೋಕವು ಒಪ್ಪುತ್ತದೆ; ಜರೆಯುವುದಕ್ಕೆ ಮಾತ್ರ ಅಂಥ ಯೋಗ್ಯತೆಯನ್ನು ಯಾರೂ ಕೇಳುವುದಿಲ್ಲ. ಮಿಚಿಗನ್ ಪ್ರಾಂತದಲ್ಲಿ ಎಂಜಿನಿಯರುಗಳಾಗಿರುವ ಮಕ್ಕಳ ಮನೆಯಲ್ಲಿ ಆರು ತಿಂಗಳಿದ್ದು ಊರಿಗೆ ಹಿಂತಿರುಗಿದ ಹಿರಿಯರು ಈಚೆಗೆ ಕನ್ನಡನಾಡಿನ ಯಾವ ಜಿಲ್ಲೆಯಲ್ಲಿ ಹುಡುಕಿದರೂ ಸಿಕ್ಕುತ್ತಾರೆ. ಅವರ ಸಂಜೆಯ ಗೋಷ್ಠಿಗಳಲ್ಲಿ ಅಲ್ಲಿಯ ಹಿಮ, ಅಲ್ಲಿಯ ಅಂಗಡಿ, ಅಲ್ಲಿಯ ಒಂಟಿತನ ಇವುಗಳ ವರ್ಣನೆ ಮುಗಿದ ಬಳಿಕ ಮೋಟಾರುಗಾಡಿಯ ಪ್ರಸ್ತಾಪವು ಬರುವುದುಂಟು. ತೀರ್ಪು ಮೊದಲೇ ಸಿದ್ಧವಾಗಿರುತ್ತದೆ: ಅಮೆರಿಕದ ಗಾಡಿಗೆ ಮೈ ದೊಡ್ಡದು, ಬುದ್ಧಿ ಸಣ್ಣದು, ನೇರವಾದ ಹಾದಿಯಲ್ಲಿ ಓಡುತ್ತದೆ, ತಿರುವು ಬಂದರೆ ದೋಣಿಯಂತೆ ತೇಲುತ್ತದೆ, ಗಾಡಿಯೆಂದರೆ ಜರ್ಮನರದು. ಇನ್ನು, ಆ ದೇಶದವರು ಮನೆಮಂದಿಯೆಲ್ಲ ಕುಳಿತು ಹೋಗತಕ್ಕ ನಾಲ್ಕು ಬಾಗಿಲಿನ ಸೆಡಾನ್ ಗಾಡಿಯೊಳಗೆ ಆರುನೂರು ಕುದುರೆಗಳ ಬಲವನ್ನಿಟ್ಟು ಮಾರುತ್ತಾರೆ, ಅದನ್ನು ಕೊಳ್ಳುವವರೂ ಇದ್ದಾರೆ ಎಂದು ಯಾರಾದರೂ ಹೇಳಿದರಂತೂ, ‘ಧನಮದ, ಮತ್ತೇನು?’ ಎಂಬ ಒಂದೇ ಮಾತಿನಲ್ಲಿ ವಿಚಾರಣೆಯು ಮುಗಿದುಹೋಗುತ್ತದೆ.

ಇಷ್ಟು ಸುಲಭವಾಗಿ ಮುಗಿಯತಕ್ಕ ವಿಚಾರಣೆಯಲ್ಲ ಅದು. ವಾದಕ್ಕೆ ನಿರ್ದಿಷ್ಟವಾದ ಒಂದು ವಸ್ತುವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಮಾತು ಹೊಗೆಯಂತೆ ಹಬ್ಬುತ್ತದೆ. ಡೆಟ್ರಾಯಿಟ್ ನಗರದ ಹಳೆಯ ಸಂಸ್ಥೆಯಾದ ಕ್ಯಾಡಿಲ್ಯಾಕ್ 2021ರಲ್ಲಿ ಪ್ರಕಟಿಸಿ, 2022ರ ಮಾದರಿಯೆಂದು ಮಾರಾಟಕ್ಕಿಟ್ಟ ಸಿಟಿ5-ವಿ ಬ್ಲ್ಯಾಕ್‌ವಿಂಗ್ ಎಂಬ ಗಾಡಿಯನ್ನೇ ತೆಗೆದುಕೊಳ್ಳಬಹುದು. ನಾಲ್ಕು ಬಾಗಿಲು, ಐವರಿಗೆ ಆಸನ, ಪೆಟ್ಟಿಗೆಗಳನ್ನಿಡಲು ಹಿಂದೆ ಡಿಕ್ಕಿ. ಗುರುತು ಬಲ್ಲವನು ಚಕ್ರದ ಅಗಲವನ್ನೂ ಹೊಗೆಯ ನಾಲ್ಕು ಕೊಳವೆಗಳನ್ನೂ ನೋಡಿ ಒಂದು ನಿಮಿಷ ನಿಂತಾನು. ಉಳಿದವರಿಗೆ ಅದು ಒಬ್ಬ ವಕೀಲರದೋ ದಂತವೈದ್ಯರದೋ ಗಾಡಿ. ಒಳಗಿರುವುದಾದರೋ 6.2 ಲೀಟರು ಗಾತ್ರದ, ಎಂಟು ಸಿಲಿಂಡರುಗಳ, ಗಾಳಿಯನ್ನು ಒತ್ತಿ ತುಂಬುವ ಯಂತ್ರವನ್ನು ನೆತ್ತಿಯ ಮೇಲೆ ಹೊತ್ತ ಎಂಜಿನು. ಅದರ ಬಲ 668 ಅಶ್ವಶಕ್ತಿ. ಕೆಂಟಕಿ ಪ್ರಾಂತದ ಬೌಲಿಂಗ್ ಗ್ರೀನ್ ಎಂಬ ಊರಿನಲ್ಲಿ ಅದನ್ನು ಕೈಯಿಂದ ಜೋಡಿಸಿ, ಜೋಡಿಸಿದ ಕೆಲಸಗಾರನ ಹೆಸರಿನ ಫಲಕವನ್ನು ಎಂಜಿನಿನ ಮೇಲೆಯೇ ಹೊಡೆದರು. ನಿಂತ ಗಾಡಿಯು ಘಂಟೆಗೆ 60 ಮೈಲಿ ವೇಗಕ್ಕೆ ಏರಲು ಸುಮಾರು ಮೂರೂವರೆ ಸೆಕೆಂಡು. ಪರಮಾವಧಿ ವೇಗ ಘಂಟೆಗೆ 200 ಮೈಲಿಗೂ, ಎಂದರೆ 320 ಕಿಲೋಮೀಟರಿಗೂ ಮೀರಿದ್ದು.

ಇದರಲ್ಲಿ ಮನಸ್ಸನ್ನು ಸೆಳೆಯತಕ್ಕದ್ದೇನು? ವೇಗವೆಂದು ನಿಂದಕರು ಹೇಳುತ್ತಾರೆ. ಸೋಜಿಗವೆಂದರೆ ಮಾರುವವರೂ ಅದನ್ನೇ ಹೇಳುತ್ತಾರೆ. ಇಬ್ಬರೂ ಒಂದೇ ತಪ್ಪನ್ನು ಮಾಡಿದ್ದಾರೆ. ಒಬ್ಬರು ಅದರಿಂದ ಪುಣ್ಯವನ್ನೂ ಮತ್ತೊಬ್ಬರು ಹಣವನ್ನೂ ಸಂಪಾದಿಸುತ್ತಾರೆಂಬಷ್ಟೇ ಭೇದ.

ನಳೋಪಾಖ್ಯಾನವನ್ನು ಕೇಳಿ ಬೆಳೆದ ಜನಕ್ಕೆ ಈ ಆಕರ್ಷಣೆ ತಿಳಿಯದೆ ಹೋಗಬಾರದಾಗಿತ್ತು. ಕಾರ್ಕೋಟಕನ ಕಡಿತದಿಂದ ವಿರೂಪನಾಗಿ, ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನ ಲಾಯದಲ್ಲಿ ಊಳಿಗಕ್ಕಿದ್ದ ನಳನು, ಒಂದೇ ಹಗಲಿನಲ್ಲಿ ವಿದರ್ಭವನ್ನು ಮುಟ್ಟಬೇಕಾದ ಸಂದರ್ಭದಲ್ಲಿ ಆರಿಸಿಕೊಂಡದ್ದು ಎಂಥ ಕುದುರೆಗಳನ್ನು? ಕೊಬ್ಬಿದವುಗಳನ್ನಲ್ಲ, ಒಡವೆ ಹಾಕಿದವುಗಳನ್ನಲ್ಲ, ಬಡಕಲಾಗಿ ತೋರುವವುಗಳನ್ನು. ಇವು ಎಳೆದಾವೆ ಎಂದು ಅರಸನು ಸಂಶಯಪಟ್ಟನು. ರಥ ಹೊರಟ ಮೇಲೆ ಅರಸನ ಉತ್ತರೀಯವು ಜಾರಿಬಿತ್ತು. ನಿಲ್ಲಿಸು, ಎತ್ತಿಕೊಳ್ಳೋಣವೆಂದರೆ, ಅದು ಆಗಲೇ ಒಂದು ಯೋಜನದಷ್ಟು ಹಿಂದುಳಿದಿದೆ ಎಂದು ಸಾರಥಿಯು ಉತ್ತರ ಕೊಟ್ಟನು. ಆ ಕಥೆಯನ್ನು ಕೇಳುವಾಗ ಹುಡುಗರ ಮುಖ ಅರಳುವುದು ಯೋಜನಗಳ ಲೆಕ್ಕಕ್ಕಲ್ಲ. ಕುರೂಪಿಯೆಂದೂ ಊಳಿಗದವನೆಂದೂ ಎಲ್ಲರೂ ಎಣಿಸಿದವನಲ್ಲಿ ಅಶ್ವಹೃದಯವನ್ನು ಬಲ್ಲ ಮಹಾರಾಜನೊಬ್ಬನು ಅಡಗಿ ಕುಳಿತಿದ್ದಾನಲ್ಲ, ಆ ಗುಟ್ಟಿಗೆ ಅರಳುತ್ತದೆ.

ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಪಂದ್ಯದ ಗಾಡಿಯಲ್ಲಿರುವ ವೇಗವು ವಾಚ್ಯ. ಈ ಮನೆಗಾಡಿಯದು ವ್ಯಂಗ್ಯ. ಎರಡೇ ಆಸನ, ನೆಲ ಮುಟ್ಟುವ ಮೈ, ಕೆಂಪು ಬಣ್ಣ, ಇಂಥ ಗಾಡಿಯು ಗರಡಿಯ ಚಡ್ಡಿಯಲ್ಲಿಯೇ ಸಂತೆಗೆ ಬಂದ ಪೈಲ್ವಾನನಂತೆ. ಬಲವುಂಟೆಂಬುದನ್ನು ಕಂಡವರೆಲ್ಲ ಒಪ್ಪುತ್ತಾರೆ, ಆದರೆ ಎರಡನೆಯ ಸಲ ತಿರುಗಿ ನೋಡಲು ಕಾರಣವಿಲ್ಲ. ಪಂಚೆಯುಟ್ಟು ಶಲ್ಯ ಹೊದ್ದು, ಮಗುವಿನ ಕೈ ಹಿಡಿದು, ತರಕಾರಿಯ ಬೆಲೆ ಕೇಳುತ್ತ ಹೋಗುವ ಪೈಲ್ವಾನನ ಚೆಲುವೇ ಬೇರೆ. ಅವನು ಯಾರನ್ನೂ ಹೊಡೆಯುವುದಿಲ್ಲ. ಹೊಡೆಯಬೇಕಾದ ಅಗತ್ಯವೂ ಅವನಿಗಿಲ್ಲ.

ಈ ರುಚಿಯು ಅಮೆರಿಕದವರಿಗೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ, ಜರ್ಮನರಿಂದ ಎರವಲು ತಂದದ್ದೂ ಅಲ್ಲ. ಕ್ಯಾಡಿಲ್ಯಾಕ್ ಸಂಸ್ಥೆಯನ್ನು 1902ರಲ್ಲಿ ನೆಲೆಗೊಳಿಸಿದ ಹೆನ್ರಿ ಲೆಲಾಂಡ್ ಎಂಬಾತನು ಸ್ಪ್ರಿಂಗ್‌ಫೀಲ್ಡಿನ ಬಂದೂಕಿನ ಕಾರ್ಖಾನೆಯಲ್ಲಿ ಕೆಲಸ ಕಲಿತವನು. ಬಂದೂಕಿನ ಒಂದು ಭಾಗ ಮುರಿದರೆ ರಣಭೂಮಿಯಲ್ಲಿ ಅರ ಹಿಡಿದು ಉಜ್ಜುತ್ತ ಕೂರಲು ಸಮಯವಿರುವುದಿಲ್ಲ. ಒಂದರ ಭಾಗ ಇನ್ನೊಂದಕ್ಕೆ ಹಾಗೆಯೇ ಕೂರಬೇಕು. ಈ ಪಾಠವನ್ನು ಅವನು ಮೋಟಾರುಗಾಡಿಗೆ ತಂದನು. ಆ ಕಾಲದಲ್ಲಿ ಯೂರೋಪಿನ ಉತ್ತಮ ಗಾಡಿಗಳೆಂದರೆ ಒಂದೊಂದು ಭಾಗವನ್ನೂ ಆಯಾ ಗಾಡಿಗೆಂದೇ ಅರದಿಂದ ಉಜ್ಜಿ ಕೂರಿಸಿದವು. 1908ರಲ್ಲಿ ಇಂಗ್ಲೆಂಡಿನ ರಾಯಲ್ ಆಟೋಮೊಬೈಲ್ ಕ್ಲಬ್ಬಿನವರು ಮೂರು ಕ್ಯಾಡಿಲ್ಯಾಕ್ ಗಾಡಿಗಳನ್ನು ಬ್ರೂಕ್‌ಲಾಂಡ್ಸ್ ಮೈದಾನದಲ್ಲಿ ಪೂರ್ತಿಯಾಗಿ ಬಿಚ್ಚಿಸಿದರು. ಮೂರರ ಭಾಗಗಳನ್ನೂ ಒಂದೇ ರಾಶಿಯಾಗಿ ಬೆರೆಸಿದರು. ಅಷ್ಟು ಸಾಲದೆಂದು 89 ಭಾಗಗಳನ್ನು ತೆಗೆದಿಟ್ಟು, ಅವುಗಳ ಬದಲಿಗೆ ದಾಸ್ತಾನಿನಿಂದ ಬೇರೆ ಭಾಗಗಳನ್ನು ಕೊಟ್ಟರು. ಸ್ಪ್ಯಾನರು, ಸ್ಕ್ರೂಡ್ರೈವರುಗಳಿಂದಲೇ ಆ ರಾಶಿಯಿಂದ ಮತ್ತೆ ಮೂರು ಗಾಡಿಗಳು ಎದ್ದವು. ಎದ್ದು 500 ಮೈಲಿ ಓಡಿದವು. ಆ ಪರೀಕ್ಷೆಗಾಗಿ ಡ್ಯೂವರ್ ಪಾರಿತೋಷಕವನ್ನು ಕೊಟ್ಟವರು ಇಂಗ್ಲಿಷರು, ಪಡೆದವರು ‘ಮೈ ದೊಡ್ಡದು, ಬುದ್ಧಿ ಸಣ್ಣದು’ ಎನಿಸಿಕೊಳ್ಳುವ ಈ ಅಮೆರಿಕದವರು. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಯಂತ್ರಜ್ಞನ ಸ್ವಯಂಚಾಲನೆಯ ವಿದ್ಯುದ್ಯಂತ್ರವನ್ನು ತನ್ನ ಗಾಡಿಗಳಲ್ಲಿ ಅಳವಡಿಸಿ, ಮುಂದೆ ನಿಂತು ಸರಳು ತಿರುಗಿಸಿ ಮಣಿಕಟ್ಟು ಮುರಿದುಕೊಳ್ಳುವ ಕಷ್ಟವನ್ನು ಲೋಕಕ್ಕೆ ತಪ್ಪಿಸಿದ್ದೂ ಇದೇ ಸಂಸ್ಥೆ. 1930ರಲ್ಲಿ, ಆರ್ಥಿಕ ಕುಸಿತದ ಮಧ್ಯದಲ್ಲಿ, ಹದಿನಾರು ಸಿಲಿಂಡರುಗಳ ಗಾಡಿಯನ್ನು ಹೊರತಂದದ್ದೂ ಇದೇ ಸಂಸ್ಥೆ. ವಿವೇಕದ ದೃಷ್ಟಿಯಿಂದ ಅದನ್ನು ಸಮರ್ಥಿಸುವುದು ಕಷ್ಟ, ನಯದ ದೃಷ್ಟಿಯಿಂದ ಹಳಿಯುವುದು ಇನ್ನೂ ಕಷ್ಟ.

ನ್ಯಾಯವಾಗಿ ಹೇಳಬೇಕಾದದ್ದನ್ನು ಮುಚ್ಚಿಡಬಾರದು. ನಿಂದಕರ ಮಾತಿಗೆ ಆಧಾರವೇ ಇಲ್ಲವೆಂದಲ್ಲ. ಎರಡನೆಯ ಮಹಾಯುದ್ಧದ ತರುವಾಯ ಮೂರು ದಶಕಗಳ ಕಾಲ ಆ ದೇಶದ ಗಾಡಿಗಳು ಮೈ ಬೆಳೆಸಿಕೊಂಡದ್ದೂ, ವಿವೇಕವನ್ನು ಮರೆತದ್ದೂ ನಿಜ. 1959ರ ಕ್ಯಾಡಿಲ್ಯಾಕಿಗೆ ಹಿಂಭಾಗದಲ್ಲಿ ಮೀನಿನ ರೆಕ್ಕೆಗಳಂತೆ ಎದ್ದ ತಗಡುಗಳಿದ್ದವಷ್ಟೆ. ಆ ರೆಕ್ಕೆಯಿಂದ ಗಾಡಿಯು ಹಾರಲೂ ಇಲ್ಲ, ಈಜಲೂ ಇಲ್ಲ. 1982ರ ಮಾದರಿಯಾಗಿ ಸಿಮರಾನ್ ಎಂಬ ಹೆಸರಿನಿಂದ ಬಂದದ್ದು ಬಡವರಿಗೆಂದು ಮಾಡಿದ ಷೆವರ್ಲೆ ಗಾಡಿಯೇ. ಅದಕ್ಕೆ ಚರ್ಮದ ಆಸನ ಹೊದಿಸಿ, ಲಾಂಛನ ಅಂಟಿಸಿ, ಬೆಲೆ ಏರಿಸಿದ್ದರು. ಆರು ವರ್ಷಗಳಲ್ಲಿ ಅದು ನಿಂತಿತು. ಅಪಕೀರ್ತಿಯು ಬಹಳ ಕಾಲ ನಿಲ್ಲಲಿಲ್ಲ. ಸಂಸ್ಥೆಯ ಹೆಸರಿನಲ್ಲಿಯೇ ಒಂದು ಎರವಲಿನ ಕಥೆಯುಂಟು. 1701ರಲ್ಲಿ ಡೆಟ್ರಾಯಿಟನ್ನು ಸ್ಥಾಪಿಸಿದ ಫ್ರೆಂಚನು ಹುಟ್ಟಿನಿಂದ ಆಂತ್ವಾನ್ ಲೋಮೆ. ಸಮುದ್ರ ದಾಟಿ ಬಂದ ಮೇಲೆ ‘ದ ಲಾ ಮೋತ್ ಕ್ಯಾಡಿಲ್ಯಾಕ್’ ಎಂಬ ಕುಲೀನರ ಹೆಸರನ್ನೂ, ಕಾಲಿಲ್ಲದ ಕೊಕ್ಕಿಲ್ಲದ ಕರಿಹಕ್ಕಿಗಳ ಲಾಂಛನವನ್ನೂ ತಾನೇ ಧರಿಸಿಕೊಂಡನು. ಆ ಹಕ್ಕಿಗಳನ್ನು ಈ ಶತಮಾನದ ಆರಂಭದಲ್ಲಿ ಗಾಡಿಯ ಲಾಂಛನದಿಂದ ತೆಗೆದುಬಿಟ್ಟರು. ಬ್ಲ್ಯಾಕ್‌ವಿಂಗ್, ಎಂದರೆ ಕರಿರೆಕ್ಕೆ, ಎಂಬ ಹೆಸರು ಅವುಗಳ ನೆನಪು. ವಂಶವು ಸುಳ್ಳಾದರೂ ಕಸುಬು ನಿಜವಾಗಿರಬಹುದೆಂಬುದಕ್ಕೆ ಕರ್ಣನಿಗಿಂತ ಬೇರೆ ಉದಾಹರಣೆಯನ್ನು ಬೇಡುವವರು ಈ ಗಾಡಿಯನ್ನು ನೋಡಬಹುದು. ಕರ್ಣನದು ತಿರುಗುಮುರುಗು, ಅದು ಬೇರೆ ವಿಷಯ.

‘ತಿರುವಿನಲ್ಲಿ ತೇಲುತ್ತದೆ’ ಎಂಬ ಮಾತಿಗೆ ಉತ್ತರವು 2008ರ ಮೇ ತಿಂಗಳಲ್ಲಿ, ಅದೂ ಜರ್ಮನರ ನೆಲದ ಮೇಲೆಯೇ ದೊರಕಿತು. ನ್ಯೂರ್‌ಬರ್ಗ್‌ರಿಂಗ್ ಎಂಬುದು ಕಾಡಿನ ನಡುವೆ 20 ಕಿಲೋಮೀಟರಿಗೂ ಮಿಕ್ಕು ಸುತ್ತುವ ಹಳೆಯ ಪಂದ್ಯದ ದಾರಿ. ಏರಿಳಿತವೂ ತಿರುವೂ ಎಪ್ಪತ್ತು ಬಗೆ. ಜರ್ಮನಿಯ ಗಾಡಿಗಳು ತಮ್ಮ ಪಾಂಡಿತ್ಯವನ್ನು ಒರೆಗೆ ಹಚ್ಚುವುದು ಅಲ್ಲಿ. ಬ್ಲ್ಯಾಕ್‌ವಿಂಗಿನ ಹಿರಿಯನಾದ ಸಿಟಿಎಸ್-ವಿ ಎಂಬ ನಾಲ್ಕು ಬಾಗಿಲಿನ ಗಾಡಿಯನ್ನು ಅದೇ ಸಂಸ್ಥೆಯ ಎಂಜಿನಿಯರಾದ ಜಾನ್ ಹೈನ್‌ರಿಸಿ ಓಡಿಸಿ, ಒಂದು ಸುತ್ತನ್ನು 7 ನಿಮಿಷ 59.32 ಸೆಕೆಂಡಿನಲ್ಲಿ ಮುಗಿಸಿದರು. ಮನೆಮಂದಿಯ ಗಾಡಿಯು ಎಂಟು ನಿಮಿಷದೊಳಗೆ ಅಲ್ಲಿ ಸುತ್ತಿ ಬಂದದ್ದನ್ನು ಕಂಡು ಜರ್ಮನರು ತಲೆದೂಗಿದರೋ ಇಲ್ಲವೋ, ಇಲ್ಲಿಯ ಗೋಷ್ಠಿಗಳಿಗೆ ಮಾತ್ರ ಆ ಸುದ್ದಿಯು ಇಂದಿಗೂ ಮುಟ್ಟಿದಂತಿಲ್ಲ.

ಆ ಗಾಡಿಯ ಮೆಲುನಡೆಗೂ ಬಿಗಿನಡೆಗೂ ಕಾರಣವಾದ ಒಂದು ಯುಕ್ತಿಯನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ; ಆಕರ್ಷಣೆಯ ಅರ್ಧ ಪಾಲು ಅದರಲ್ಲಿಯೇ ಇದೆ. ಸಾಧಾರಣವಾಗಿ ಗಾಡಿಯ ಕುಲುಕನ್ನು ತಡೆಯುವ ಕೊಳವೆಗಳಲ್ಲಿ ಎಣ್ಣೆಯಿರುತ್ತದೆ. ಎಣ್ಣೆ ತೆಳುವಾಗಿದ್ದರೆ ಪ್ರಯಾಣ ಮೆತ್ತಗೆ, ತಿರುವಿನಲ್ಲಿ ಓಲಾಟ. ದಪ್ಪವಾಗಿದ್ದರೆ ತಿರುವಿನಲ್ಲಿ ಬಿಗಿ, ಹಳ್ಳದಲ್ಲಿ ಸೊಂಟನೋವು. ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕಾಗಿದ್ದ ಕಾಲದಲ್ಲಿ, ಎಣ್ಣೆಯೊಳಗೆ ಕಬ್ಬಿಣದ ಅತಿಸೂಕ್ಷ್ಮವಾದ ಕಣಗಳನ್ನು ಕದಡಿಟ್ಟು, ಸುತ್ತಲೂ ತಂತಿ ಸುತ್ತಿ, ಬೇಕಾದಾಗ ವಿದ್ಯುತ್ತು ಹಾಯಿಸುವ ಉಪಾಯವು ಬಂದಿತು. ವಿದ್ಯುತ್ತು ಹಾಯ್ದೊಡನೆ ಕಣಗಳು ಅಯಸ್ಕಾಂತದ ಸೆಳೆತಕ್ಕೆ ಸಾಲುಗಟ್ಟುತ್ತವೆ, ಎಣ್ಣೆಯು ಗಟ್ಟಿಯಾಗುತ್ತದೆ; ನಿಂತೊಡನೆ ಮತ್ತೆ ನೀರಾಗುತ್ತದೆ. ಚಕ್ರದ ಕೆಳಗಿನ ನೆಲವನ್ನು ಒಂದು ಸೆಕೆಂಡಿನಲ್ಲಿ ಸಾವಿರ ಸಲ ಓದಿ, ಓದಿದಂತೆ ಎಣ್ಣೆಯ ಗುಣವನ್ನು ಬದಲಿಸುತ್ತದೆಂದು ಅದನ್ನು ಮಾಡಿದವರ ಮಾತು. ಇಂಥ ದ್ರವವನ್ನು 1940ರ ದಶಕದಲ್ಲಿ ಮೊದಲು ಉಪಯೋಗಕ್ಕೆ ತಂದ ಜೇಕಬ್ ರಾಬಿನೋ ಅಮೆರಿಕದ ಸರ್ಕಾರದ ಮಾನಕ ಸಂಸ್ಥೆಯಲ್ಲಿದ್ದವರು; ಗಾಡಿಯಲ್ಲಿ ಅದು ಮೊದಲು ಬಂದದ್ದು 2002ರ ಮಾದರಿಯ ಕ್ಯಾಡಿಲ್ಯಾಕ್ ಸೆವಿಲ್ಲಿನಲ್ಲಿ. ನಾಲ್ಕು ವರ್ಷಗಳ ಬಳಿಕ ಇಟಲಿಯ ಫೆರಾರಿಯವರೇ ತಮ್ಮ 599 ಎಂಬ ಗಾಡಿಗೆ ಇದನ್ನು ಹಾಕಿಕೊಂಡರು. ಕುಶಲತೆಯೆಲ್ಲವೂ ಯೂರೋಪಿನಿಂದ ಪಡುವಣಕ್ಕೆ ಹರಿಯುತ್ತದೆಂದು ನಂಬಿರುವವರು ಈ ಒಂದು ಹೊಳೆಯು ಯಾವ ದಿಕ್ಕಿಗೆ ಹರಿಯಿತೆಂಬುದನ್ನು ವಿಚಾರಿಸಬೇಕು.

ಇದುವರೆಗೆ ನಿಂದಕರ ಸಂಗತಿಯಾಯಿತು. ಭಕ್ತರ ಸಂಗತಿ ಅದಕ್ಕಿಂತ ಹೆಚ್ಚು ಹದಗೆಟ್ಟದ್ದು.

ಈಗಿನ ಭಕ್ತರು ಗಾಡಿಯನ್ನು ಸಂಖ್ಯೆಯಿಂದ ಅಳೆಯುತ್ತಾರೆ. 2004ರ ಮೊದಲ ಸಿಟಿಎಸ್-ವಿಗೆ 400 ಅಶ್ವಶಕ್ತಿ, 2009ರದಕ್ಕೆ 556, 2016ರದಕ್ಕೆ 640, ಬ್ಲ್ಯಾಕ್‌ವಿಂಗಿಗೆ 668. ಕನ್ಯೆಯ ಚೆಲುವನ್ನು ಕೇಳಿದವನಿಗೆ ಅವಳ ತೂಕವನ್ನು ಹೇಳಿದಂತಾಯಿತು! ಸಂಖ್ಯೆಯೇ ಆಕರ್ಷಣೆಯಾಗಿದ್ದ ಪಕ್ಷಕ್ಕೆ ಈ ಗಾಡಿಯ ಕಥೆ ಅದು ಹುಟ್ಟುವುದಕ್ಕೆ ಮುಂಚೆಯೇ ಮುಗಿಯಬೇಕಾಗಿತ್ತು. ಟೆಸ್ಲಾ ಸಂಸ್ಥೆಯ ಮಾಡೆಲ್ ಎಸ್ ಪ್ಲಾಯಿಡ್ ಎಂಬ ವಿದ್ಯುತ್ತಿನ ಸೆಡಾನು 2021ರಲ್ಲಿಯೇ 1,020 ಅಶ್ವಶಕ್ತಿಯೊಡನೆ ಬಂದಿತ್ತು. ಅದೂ ಅಮೆರಿಕದ್ದೇ, ನಾಲ್ಕು ಬಾಗಿಲಿನದ್ದೇ. 60 ಮೈಲಿಯ ವೇಗಕ್ಕೆ ಎರಡೇ ಸೆಕೆಂಡಿನ ಸುಮಾರಿನಲ್ಲಿ ಏರುತ್ತದೆ. ಹೊಗೆಯಿಲ್ಲ, ಸದ್ದಿಲ್ಲ, ಗೇರು ಬದಲಿಸುವ ಗೋಜಿಲ್ಲ. ಲೆಕ್ಕದಲ್ಲಿ ಅದರ ಮುಂದೆ ಬ್ಲ್ಯಾಕ್‌ವಿಂಗ್ ಸೋತ ಗಾಡಿ. ಸೋತರೂ ಅದನ್ನು ಬಯಸುವವರು ಬಯಸುತ್ತಲೇ ಬಂದರು. ಏಕೆಂಬುದನ್ನು ವಿಚಾರಿಸುವ ತಾಳ್ಮೆ ಮಾತ್ರ ಭಕ್ತರಿಗಿಲ್ಲ.

ಅದಕ್ಕೆ ಕಾರಣ ಎರಡು ಆಸನಗಳ ನಡುವೆ ನಿಂತಿರುವ ಗೇರಿನ ಕೋಲು. ಅಮೆರಿಕದಲ್ಲಿ ಈಚಿನ ವರ್ಷಗಳಲ್ಲಿ ಮಾರಾಟವಾದ ಹೊಸ ಗಾಡಿಗಳ ಪೈಕಿ ಕೈಗೇರು ಇದ್ದವು ನೂರಕ್ಕೆ ಎರಡಕ್ಕೂ ಕಡಮೆ. ಕಾಲಿನಿಂದ ಕ್ಲಚ್ಚನ್ನು ಒತ್ತಿ ಕೈಯಿಂದ ಗೇರು ಹಾಕುವ ವಿದ್ಯೆಯು ಆ ದೇಶದ ತರುಣರಿಗೆ ವೇದಾಧ್ಯಯನದಷ್ಟೇ ಅಪರೂಪವಾಗಿ ಹೋಗಿದೆ. ಹೀಗಿರುವಾಗ 668 ಅಶ್ವಶಕ್ತಿಯ ಗಾಡಿಗೆ ಆರು ಗೇರುಗಳ ಕೈಕೋಲನ್ನೇ ಮೂಲವಾಗಿಟ್ಟು, ತಾನೇ ಗೇರು ಬದಲಿಸಿಕೊಳ್ಳುವ ಯಂತ್ರವನ್ನು ಹೆಚ್ಚಿನ ಹಣಕ್ಕೆ ಕೊಡತಕ್ಕದ್ದೆಂದು ನಿರ್ಣಯಿಸಿದವರು ಲಾಭದ ಪುಸ್ತಕವನ್ನು ಮಾತ್ರ ಓದಿದವರಾಗಿರಲಾರರು. ಗಡಿಯಾರ ಹಿಡಿದು ನೋಡಿದರೆ ಕೈಗೇರಿನ ಗಾಡಿಯೇ ನಿಧಾನ. ಆದರೆ ಸಾರಥಿಯಿಲ್ಲದ ರಥಕ್ಕೂ ಸಾರಥಿಯಿರುವ ರಥಕ್ಕೂ ಇರುವ ಅಂತರವನ್ನು ಗಡಿಯಾರವು ತೋರಿಸುವುದಿಲ್ಲ. ಘಟ್ಟದ ತಿರುವಿನಲ್ಲಿ ಎರಡನೆಯ ಗೇರಿಗೆ ಇಳಿಸಿ, ಎಂಜಿನಿನ ಉಸಿರನ್ನು ಕಿವಿಯಿಂದಲೇ ಅಳೆದು ಬಸ್ಸು ಏರಿಸುವ ಚಾಲಕನಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಅಶ್ವಹೃದಯವೆಂಬುದು ಕುದುರೆಯಲ್ಲಿರುವ ವಸ್ತುವಲ್ಲ. ಕುದುರೆಗೂ ಹಿಡಿದವನ ಕೈಗೂ ನಡುವೆ ಇರತಕ್ಕದ್ದು.

ಕಿವಿಯ ಮಾತು ಬಂದುದರಿಂದ ಇನ್ನೊಂದನ್ನು ಇಲ್ಲಿಯೇ ಹೇಳಿಬಿಡಬಹುದು. ಋತುಪರ್ಣನ ರಥವು ಕುಂಡಿನಪುರವನ್ನು ಹೊಕ್ಕಾಗ ದಮಯಂತಿಯು ಸಾರಥಿಯ ಮುಖವನ್ನು ಕಾಣಲಿಲ್ಲ. ಮೋಡದ ಗುಡುಗಿನಂತಹ ಗಾಲಿಯ ಸದ್ದನ್ನು ಕೇಳಿ, ಇವನು ನಳನೇ ಎಂದುಕೊಂಡಳು. ಲಾಯದಲ್ಲಿದ್ದ ನಳನ ಹಳೆಯ ಕುದುರೆಗಳೂ ಆ ಸದ್ದಿಗೆ ಕಿವಿ ನಿಮಿರಿಸಿದವು. ಬಲವು ಮಾಡುವ ಸದ್ದಿನಲ್ಲಿ ಬಲದ ಗುರುತಿರುತ್ತದೆಂಬುದು ಆ ಕಥೆಯ ನಂಬಿಕೆ. ಎಂಟು ಸಿಲಿಂಡರುಗಳ ಅಮೆರಿಕದ ಎಂಜಿನಿಗೂ ಅಂಥದೊಂದು ಗುರುತಿನ ಗುಡುಗು ಉಂಟು. ಅದನ್ನು ಬಲ್ಲವರು ಬೀದಿಯ ತುದಿಯಿಂದಲೇ ಗಾಡಿಯ ಹೆಸರು ಹೇಳುತ್ತಾರೆ. ಅದೇ ದೇಶದ ಡಾಜ್ ಸಂಸ್ಥೆಯು 2024ರ ಮಾದರಿಯಾಗಿ ತಂದ ವಿದ್ಯುತ್ತಿನ ಚಾರ್ಜರ್ ಗಾಡಿಯಲ್ಲಿ ಎಂಜಿನೇ ಇಲ್ಲ. ಆದರೂ ಎಂಜಿನಿನ ಗರ್ಜನೆಯನ್ನು ಹುಟ್ಟಿಸುವ ಧ್ವನಿಪೆಟ್ಟಿಗೆಗಳನ್ನು ಅದರೊಳಗೆ ಕೂರಿಸಿದ್ದಾರೆ. ಹಾರ್ಮೋನಿಯದ ಒಳಗೆ ಕೋಗಿಲೆಯ ಗೊಂಬೆಯನ್ನಿಟ್ಟಂತೆ ಇದು! ದಮಯಂತಿಯ ಗತಿಯೇನಾಗಬೇಕು? ಮೌನವಾಗಿ ಓಡುವ ಟೆಸ್ಲಾ ಗಾಡಿಯು ಇಂಥ ಆಣಿಮುತ್ತಿಗಿಂತ ಎಷ್ಟೋ ಮರ್ಯಾದಸ್ಥ.

ಇನ್ನು ಧನಮದದ ಆಕ್ಷೇಪ. ಅದರಲ್ಲಿ ತಿರುಳಿಲ್ಲವೆಂದು ಹೇಳಿದರೆ ಅದು ವಾದವಾಗದು, ಜಗಳವಾದೀತು. 2022ರ ಮಾದರಿಯ ಬ್ಲ್ಯಾಕ್‌ವಿಂಗಿನ ಆರಂಭದ ಬೆಲೆ 84,000 ಡಾಲರಿನ ಸುಮಾರು ಆಗಿತ್ತು. ಅಮೆರಿಕದಲ್ಲಿ ಕಾನೂನು ಒಪ್ಪುವ ಅತ್ಯಧಿಕ ವೇಗವು ಟೆಕ್ಸಾಸಿನ ಒಂದು ಹೆದ್ದಾರಿಯ ಒಂದು ತುಂಡಿನಲ್ಲಿ, 2012ರಿಂದ, ಘಂಟೆಗೆ 85 ಮೈಲಿ. 200 ಮೈಲಿಯ ಗಾಡಿಗೆ ಅದರಲ್ಲಿ ಅರ್ಧಕ್ಕೂ ಎಡೆಯಿಲ್ಲ. ಕೊಂಡವನು ಮೈಮರೆತರೆ ಮಸಣಕ್ಕೆ ದಾರಿ. 2022ನೆಯ ಒಂದೇ ವರ್ಷದಲ್ಲಿ ಆ ದೇಶದಲ್ಲಿ ಅತಿವೇಗದ ಅಪಘಾತಗಳಲ್ಲಿ ಸತ್ತವರು 12,000ಕ್ಕೂ ಹೆಚ್ಚು ಮಂದಿ. ಸಾರ್ವಜನಿಕ ಹಾದಿಯಲ್ಲಿ ಈ ಬಲವನ್ನು ಬಿಚ್ಚಿ ತೋರಿಸುವವನು ನಳನಲ್ಲ, ಕಲಿ. ಅವನಿಗೆ ಶಿಕ್ಷೆಯಾಗಲಿ. ಆದರೆ ಬಿಚ್ಚದೆ ಇಟ್ಟುಕೊಂಡವನ ಸಂತೋಷವನ್ನೂ ಅದೇ ಕಟಕಟೆಯಲ್ಲಿ ನಿಲ್ಲಿಸುವುದು ಯಾವ ನ್ಯಾಯ? ಪಂದ್ಯದ ಮೈದಾನಗಳು ಆ ದೇಶದಲ್ಲಿ ಬೇಕಾದಷ್ಟಿವೆ. ಹಣ ಕೊಟ್ಟು, ಶಿರಸ್ತ್ರಾಣ ತೊಟ್ಟು, ಒಂದು ಭಾನುವಾರ ಅಲ್ಲಿ ಓಡಿಸಿ, ಸೋಮವಾರ ಅದೇ ಗಾಡಿಯಲ್ಲಿ ಮಕ್ಕಳನ್ನು ಶಾಲೆಗೆ ಬಿಡುವ ಗೃಹಸ್ಥನಿಂದ ಯಾರಿಗೆ ಕೇಡು?

ಪೆಟ್ರೋಲಿನ ಮಾತು ಬಂದರೆ ಮಾತ್ರ ಸಮರ್ಥನೆಗೆ ಹೆಚ್ಚು ಶಬ್ದಗಳು ದೊರಕುವುದಿಲ್ಲ. ನಗರದೊಳಗೆ ಒಂದು ಗ್ಯಾಲನಿಗೆ 13 ಮೈಲಿ. ಲೀಟರಿನ ಲೆಕ್ಕದಲ್ಲಿ ಐದೂವರೆ ಕಿಲೋಮೀಟರು. ಇದು ಭೋಗವೇ ಹೊರತು ಯಾಗವಲ್ಲ. ಭೋಗಕ್ಕೆ ಕರ ಕೊಡಬೇಕಾದ್ದೇ. ಅಮೆರಿಕದವರು 1978ರಲ್ಲಿ ಅದಕ್ಕೆಂದೇ ಕಾಯಿದೆಯೊಂದನ್ನು ಮಾಡಿದರು. ಮಿತಿಮೀರಿ ಪೆಟ್ರೋಲು ಕುಡಿಯುವ ಗಾಡಿಯನ್ನು ತಯಾರಿಸಿದವರು ಒಂದೊಂದಕ್ಕೂ ಸಾವಿರಗಟ್ಟಲೆ ಡಾಲರು ದಂಡ ತೆರಬೇಕು. ಬ್ಲ್ಯಾಕ್‌ವಿಂಗ್ ಆ ದಂಡವನ್ನು ತೆತ್ತಿತು. ತೆರಲಿ, ಬೇಡವೆನ್ನುವವರಾರು?

ಆದರೆ ಅದೇ ಕಾಯಿದೆಯಲ್ಲಿ ಒಂದು ಕಿಂಡಿಯಿದೆ. ಈ ಲೇಖನದ ಕ್ರೋಧವೆಲ್ಲ ಇರುವುದು ಅಲ್ಲಿ. ದಂಡವು ತಗ್ಗಾದ ಸವಾರಿಗಾಡಿಗೆ ಮಾತ್ರ. ಲಾರಿಯ ವರ್ಗಕ್ಕೆ ಸೇರಿದ ಎತ್ತರದ ಗಾಡಿಗಳಿಗೆ ಅದು ತಗಲುವುದಿಲ್ಲ. 1978ರಲ್ಲಿ ಲಾರಿಯೆಂದರೆ ರೈತನದೂ ಬಡಗಿಯದೂ ಆಗಿತ್ತು. ಅವರಿಗೆ ವಿನಾಯಿತಿ ಕೊಟ್ಟದ್ದು ಧರ್ಮವೇ ಸರಿ. ಆ ಧರ್ಮದ ಕೊಡೆಯ ಕೆಳಗೆ ಇಂದು ಬಂದು ನಿಂತಿರುವವರು ಯಾರು? ಅದೇ ಕ್ಯಾಡಿಲ್ಯಾಕ್ ಸಂಸ್ಥೆಯು 2023ರ ಮಾದರಿಯಾಗಿ ಎಸ್ಕಲೇಡ್-ವಿ ಎಂಬ ಎತ್ತರದ ಗಾಡಿಯನ್ನು ತಂದಿತು. ಅದೇ 6.2 ಲೀಟರಿನ ಎಂಟು ಸಿಲಿಂಡರು; ಬಲ 682 ಅಶ್ವಶಕ್ತಿ, ಬ್ಲ್ಯಾಕ್‌ವಿಂಗಿಗಿಂತ ಹೆಚ್ಚು; ತೂಕ ಸುಮಾರು 2,800 ಕಿಲೋಗ್ರಾಂ, ಬ್ಲ್ಯಾಕ್‌ವಿಂಗಿಗಿಂತ ಒಂದು ಸಾವಿರದ ಸಮೀಪ ಅಧಿಕ; ನಗರದಲ್ಲಿ ಗ್ಯಾಲನಿಗೆ 11 ಮೈಲಿ, ಅದಕ್ಕಿಂತ ಕಡಮೆ. ಬೆಲೆಯೂ ಒಂದೂವರೆ ಪಾಲಿಗಿಂತ ಮೇಲೆ. ಕುಡಿಯುವುದು ಹೆಚ್ಚು, ತೂಗುವುದು ಹೆಚ್ಚು, ದಂಡ ಮಾತ್ರ ಸೊನ್ನೆ! ಬೆಣ್ಣೆ ಕದ್ದ ಮಗುವಿಗೆ ಪೆಟ್ಟು, ಗಡಿಗೆಯನ್ನೇ ಹೊತ್ತುಕೊಂಡು ಹೋದವನಿಗೆ ಮಣೆ.

ಇದು ಬರಿಯ ಹಣದ ಲೆಕ್ಕವಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಆ ದೇಶದ ಹಾದಿಗಳಲ್ಲಿ ಗಾಡಿಗೆ ಸಿಕ್ಕಿ ಸತ್ತ ಪಾದಚಾರಿಗಳು 2009ರಲ್ಲಿ 4,109 ಮಂದಿ; 2022ರಲ್ಲಿ 7,500ಕ್ಕೂ ಮೇಲೆ. ಇದಕ್ಕೆ ಕಾರಣಗಳು ಹಲವು, ಕತ್ತಲೆ, ಕುಡಿತ, ಕೈಯಲ್ಲಿ ಹಿಡಿದ ದೂರವಾಣಿ. ಆದರೆ ಗಾಡಿಯ ಮೂತಿಯೂ ಅವುಗಳಲ್ಲೊಂದು. ಅಲ್ಲಿಯ ವಿಮಾ ಸಂಸ್ಥೆಗಳ ಹೆದ್ದಾರಿ ಸುರಕ್ಷತಾ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಪರಿಶೀಲನೆಯಂತೆ, ಮೂತಿಯ ಎತ್ತರ 40 ಅಂಗುಲಕ್ಕೆ ಮೀರಿದ ಗಾಡಿಯು ಪಾದಚಾರಿಗೆ ತಗಲಿದರೆ ಪ್ರಾಣ ಹೋಗುವ ಸಂಭವವು, 30 ಅಂಗುಲಕ್ಕೆ ಮೀರದ ಇಳಿಜಾರು ಮೂತಿಯ ಗಾಡಿಗಿಂತ ನೂರಕ್ಕೆ 45ರಷ್ಟು ಹೆಚ್ಚು. ತಗ್ಗಿನ ಗಾಡಿಯು ಕಾಲಿಗೆ ಹೊಡೆದು ಮೇಲಕ್ಕೆ ಎಸೆಯುತ್ತದೆ. ಎತ್ತರದ್ದು ಎದೆಗೆ ಹೊಡೆದು ಕೆಳಕ್ಕೆ ಕೆಡವುತ್ತದೆ. ಮಗುವಾದರೆ ತಲೆಗೇ. ಮುಂದೆ ನಿಂತ ಮಗುವನ್ನು ಕಾಣದಷ್ಟು ಎತ್ತರದಲ್ಲಿ ಕುಳಿತವನ ಗಾಡಿಯನ್ನು ‘ಸಂಸಾರದ ಗಾಡಿ’ ಎಂದೂ, ಮಗುವಿನ ಕಣ್ಣಿಗೆ ಕಣ್ಣು ಕೊಡುವಷ್ಟು ತಗ್ಗಿನ ಸೆಡಾನನ್ನು ‘ಮದದ ಗಾಡಿ’ ಎಂದೂ ಕರೆಯುವ ನಾಲಗೆಗೆ ಏನೆನ್ನಬೇಕು?

ಕಾನೂನಿನ ಗಾಳಿ ಬೀಸಿದತ್ತ ಕಾರ್ಖಾನೆಗಳೂ ವಾಲಿದವು. 2018ರ ಏಪ್ರಿಲಿನಲ್ಲಿ ಫೋರ್ಡ್ ಸಂಸ್ಥೆಯು ಉತ್ತರ ಅಮೆರಿಕದಲ್ಲಿ ಸೆಡಾನುಗಳನ್ನು ಕೈಬಿಡುವುದಾಗಿ ಸಾರಿತು. ಕ್ಯಾಡಿಲ್ಯಾಕಿನ ದೊಡ್ಡ ಸೆಡಾನಾದ ಸಿಟಿ6 ಅಮೆರಿಕದಲ್ಲಿ 2020ಕ್ಕೆ ನಿಂತಿತು. ಕ್ರೈಸ್ಲರಿನ 300 ಎಂಬುದು 2023ಕ್ಕೆ. 2022ರ ಹೊತ್ತಿಗೆ ಆ ದೇಶದಲ್ಲಿ ಮಾರುವ ಹೊಸ ಗಾಡಿಗಳಲ್ಲಿ ಐದಕ್ಕೆ ನಾಲ್ಕರ ಸಮೀಪ ಎತ್ತರದವೇ ಆಗಿದ್ದವು. ಲೆಲಾಂಡನ ಅಂಗಳದಿಂದ ಹೊರಟ ಕುಶಲತೆಯು ತನ್ನ ಪೂರ್ಣ ಪ್ರೌಢಿಮೆಯನ್ನು ಮುಟ್ಟಿದ ಗಾಡಿ ಬಂದದ್ದು, ಅಂಥ ಗಾಡಿಯ ಜಾತಿಯೇ ಕ್ಷೀಣಿಸುತ್ತಿರುವ ಕಾಲದಲ್ಲಿ.

ಮಿಚಿಗನ್ನಿನಿಂದ ಹಿಂತಿರುಗಿದ ಹಿರಿಯರನ್ನು ಈಗ ಒಂದು ಪ್ರಶ್ನೆ ಕೇಳಬಹುದು. ಹಬ್ಬದ ದಿವಸ ಮಗನು ಅವರನ್ನು ದೇವಾಲಯಕ್ಕೆ ಕರೆದುಕೊಂಡು ಹೋದದ್ದು ಯಾವ ಗಾಡಿಯಲ್ಲಿ? ಅದರ ಬಾಗಿಲು ತೆರೆದೊಡನೆ ಒಂದು ಮೆಟ್ಟಿಲು ತಾನಾಗಿ ಕೆಳಕ್ಕೆ ಇಳಿಯಿತಲ್ಲವೆ? ಮೊಮ್ಮಗಳು ಅದರ ಮೂತಿಯ ಮುಂದೆ ನಿಂತಿದ್ದಾಗ ಸಾರಥಿಯ ಆಸನದಿಂದ ಅವಳ ಜಡೆಯ ರಿಬ್ಬನಾದರೂ ಕಾಣುತ್ತಿತ್ತೆ?